ಅಪ್ಪಣೆ ಹೊತ್ತ ಕೈ: 'ಕ್ರೌನ್ ಆಫ್ ಮಿಡ್‌ನೈಟ್' ಕಾದಂಬರಿಯ ಕುರಿತು ಕೆಲವು ಮಾತುಗಳು

ಹದಿಹರೆಯದವರಿಗಾಗಿ ಬರೆದ ಅದ್ಭುತ ಕಥೆಗಳನ್ನು ಗಂಭೀರ ವಿಮರ್ಶೆಗೆ ಎತ್ತಿಕೊಳ್ಳುವ ರೂಢಿ ನಮ್ಮಲ್ಲಿ ಕಡಿಮೆ. ಮಾಟಗಾತಿ, ಮಾಯಾದ್ವಾರ, ಕತ್ತಿವರಸೆ, ರಾಜಕುಮಾರ ಎಂದೊಡನೆ ಅದು ಮಕ್ಕಳ ಪುಸ್ತಕವೆಂದು ನಾವು ಬದಿಗಿಡುತ್ತೇವೆ. ಹಾಗೆ ಬದಿಗಿಟ್ಟ ಪುಸ್ತಕಗಳನ್ನೇ ನಮ್ಮ ಮನೆಯ ಹೆಣ್ಣುಮಕ್ಕಳು ರಾತ್ರಿ ನಿದ್ದೆಗೆಟ್ಟು ಓದುತ್ತಾರೆ. ಅವರು ಅಲ್ಲಿ ಏನನ್ನು ಕಾಣುತ್ತಾರೆ ಎಂಬುದನ್ನು ವಿಚಾರಿಸದೆ, 'ಇದೆಲ್ಲ ಸುಳ್ಳು ಕಥೆ, ಪಾಠ ಓದು' ಎಂದು ಗದರುವುದರಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಕಾಳಿಂಗ ಸರ್ಪವೂ ಪುಷ್ಪಕ ವಿಮಾನವೂ ಬರುವ ಕಥೆಗಳನ್ನು ಬೆಳಗಿನ ವರೆಗೆ ಕೂತು ನೋಡಿದ ಜನ ನಾವು. ಅದ್ಭುತವೆಂಬ ಒಂದೇ ಕಾರಣಕ್ಕೆ ಒಂದು ಕೃತಿಯನ್ನು ತಳ್ಳಿಹಾಕುವ ಹಕ್ಕು ನಮಗಂತೂ ಇಲ್ಲ.

ಅಮೆರಿಕನ್ ಲೇಖಕಿ ಸಾರಾ ಜೆ. ಮಾಸ್ ಅವರ 'ಥ್ರೋನ್ ಆಫ್ ಗ್ಲಾಸ್' 2012ರಲ್ಲಿ ಪ್ರಕಟವಾಯಿತು. ಅದರ ಮುಂದುವರಿಕೆಯಾದ 'ಕ್ರೌನ್ ಆಫ್ ಮಿಡ್‌ನೈಟ್' ಬಂದುದು 2013ರಲ್ಲಿ. ಕಥಾಮಾಲೆ 2018ರ 'ಕಿಂಗ್‌ಡಂ ಆಫ್ ಆ್ಯಶ್' ಎಂಬ ಸಂಪುಟದೊಂದಿಗೆ ಮುಗಿಯಿತು. ಲೇಖಕಿ ತಮ್ಮ 16ನೆಯ ವಯಸ್ಸಿನಲ್ಲೇ ಈ ಕಥೆಯನ್ನು ಬರೆಯತೊಡಗಿದವರು. ಅರಮನೆಯ ನೃತ್ಯಕ್ಕೆ ಹೋಗುವ ಸಿಂಡರೆಲಾ ಸೇವಕಿಯಲ್ಲದೆ ಹಂತಕಿಯಾಗಿದ್ದರೆ ಎಂಬುದು ಅವರ ಮೊದಲ ಕಲ್ಪನೆ. ಮೊದಲ ಸಂಪುಟದಲ್ಲಿ ಆ ಕಲ್ಪನೆಯ ಹುಡುಗಾಟ ಇನ್ನೂ ಉಳಿದಿದೆ. ಎರಡನೆಯದರಲ್ಲಿ ಅದು ಗಂಭೀರವಾಗುತ್ತದೆ. ಆದುದರಿಂದಲೇ ಇಡೀ ಮಾಲೆಯನ್ನು ಬಿಟ್ಟು ಈ ಒಂದು ಸಂಪುಟವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಓದದವರಿಗಾಗಿ ಹಿಂದಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಸೆಲೇನಾ ಸಾರ್ಡೋಥಿಯನ್ ಹದಿನೆಂಟರ ಹುಡುಗಿ, ಹೆಸರಾಂತ ಹಂತಕಿ. ಸಿಕ್ಕಿಬಿದ್ದು ಎಂಡೋವಿಯರ್ ಎಂಬಲ್ಲಿಯ ಉಪ್ಪಿನ ಗಣಿಯಲ್ಲಿ ಒಂದು ವರ್ಷ ಗುಲಾಮಳಾಗಿ ದುಡಿದವಳು. ಆಡರ್ಲನ್ ಎಂಬ ಸಾಮ್ರಾಜ್ಯದ ಅರಸನಿಗೆ ತನ್ನ ಶತ್ರುಗಳನ್ನು ಮುಗಿಸಲು ಒಬ್ಬ 'ಚಾಂಪಿಯನ್' ಬೇಕಾಗುತ್ತದೆ. ಸ್ಪರ್ಧೆಯಲ್ಲಿ ಗೆದ್ದು ಸೆಲೇನಾ ಆ ಸ್ಥಾನ ಪಡೆಯುತ್ತಾಳೆ. ನಾಲ್ಕು ವರ್ಷ ಅವನ ಕೈಯಾಗಿ ಕೊಂದರೆ ಆಮೇಲೆ ಬಿಡುಗಡೆ. ತಪ್ಪಿದರೆ ಅವಳಿಗೆ ಬೇಕಾದವರ ತಲೆ ಉರುಳುತ್ತದೆ. ಅವಳಿಗೆ ಬೇಕಾದವರು ಮುಖ್ಯವಾಗಿ ಮೂವರು: ಕಾವಲುಪಡೆಯ ನಾಯಕ ಕೇಓಲ್, ಯುವರಾಜ ಡೋರಿಯನ್ ಮತ್ತು ಸಾಮ್ರಾಜ್ಯಕ್ಕೆ ಸೋತ ಎಲ್ವೇ ನಾಡಿನ ರಾಜಕುಮಾರಿ ನೆಹೀಮಿಯಾ.

ಇನ್ನೊಬ್ಬರ ಅಪ್ಪಣೆಯಂತೆ ಕೊಲ್ಲಲು ಹೊರಟ ಹೆಣ್ಣು ನಮಗೆ ಹೊಸಬಳಲ್ಲ. ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲಿ ವಿಷಕನ್ಯೆಯ ಪ್ರಸ್ತಾಪ ಬರುತ್ತದೆ. ಕೆಂಪುನಾರಾಯಣನ 'ಮುದ್ರಾಮಂಜೂಷ'ದ (1823) ಮೂಲಕ ಆ ರಾಜತಂತ್ರದ ಕಥೆ ಕನ್ನಡ ಗದ್ಯಕ್ಕೂ ಬಂತು. ರಾಕ್ಷಸನು ಚಂದ್ರಗುಪ್ತನಿಗಾಗಿ ಕಳಿಸಿದ ಆ ಕನ್ಯೆಯನ್ನು ಚಾಣಕ್ಯನು ಪರ್ವತಕನತ್ತ ತಿರುಗಿಸುತ್ತಾನೆ. ಬಾಣವನ್ನು ಒಬ್ಬನಿಂದ ಇನ್ನೊಬ್ಬನತ್ತ ತಿರುಗಿಸಿದಷ್ಟೇ ಸಲೀಸು. ಅವಳಿಗೆ ಒಂದು ಹೆಸರಿಲ್ಲ. ತಾನು ಮುಟ್ಟಿದವನು ಸತ್ತಾಗ ಅವಳಿಗೆ ಏನನ್ನಿಸಿತು ಎಂದು ಯಾರೂ ಕೇಳುವುದಿಲ್ಲ. ಅವಳು ಆಯುಧ, ಆಯುಧಕ್ಕೆ ಅಂತಃಕರಣವಿಲ್ಲ ಎಂಬುದೇ ಅಲ್ಲಿಯ ನಿಲುವು. ಉತ್ತರ ಮಲಬಾರಿನ ಹಾಡುಗಳ ಉಣ್ಣಿಯಾರ್ಚೆಯನ್ನು ಈ ಸಾಲಿಗೆ ಸೇರಿಸುವಂತಿಲ್ಲ. ಅವಳು ನಾದಾಪುರದ ಪೇಟೆಯಲ್ಲಿ ಹಗಲು ಹೊತ್ತಿನಲ್ಲಿ, ನಾಲ್ಕು ಜನರೆದುರು, ತನ್ನ ಮಾನಕ್ಕಾಗಿ ಕತ್ತಿ ಹಿರಿದವಳು. ಮರೆಯಲ್ಲಿ ನಿಂತು ಕೊಲ್ಲುವವಳಲ್ಲ.

ಈ ಸಾಲಿಗೆ ನಿಜವಾಗಿ ಸೇರುವವಳು ಪೂತನಿ. ಕಂಸನ ಅಪ್ಪಣೆಯಂತೆ ಹಾಲುಣಿಸಿ ಕೊಲ್ಲಲು ಬಂದವಳು. ಅಶ್ವತಿ ತಿರುನಾಳ್ ರಾಮವರ್ಮರ 'ಪೂತನಾಮೋಕ್ಷಂ' ಕಥಕಳಿಯಲ್ಲಿ ಲಲಿತೆಯ ವೇಷದಲ್ಲಿ ಬರುವ ಅವಳನ್ನು ನೋಡಿದವರಿಗೆ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕೂಸನ್ನು ಎತ್ತಿಕೊಂಡವಳು ಅದರ ಮುಖ ನೋಡಿ ಕರಗುತ್ತಾಳೆ, ಆಗದೆಂದು ಕೆಳಗಿಡುತ್ತಾಳೆ, ಹೊರಡಲು ಕಾಲು ತೆಗೆಯುತ್ತಾಳೆ, ಕಂಸನ ನೆನಪಾಗಿ ಮತ್ತೆ ತಿರುಗುತ್ತಾಳೆ. ನುರಿತ ಕಲಾವಿದರು ಈ ಕೆಲವು ಕ್ಷಣಗಳನ್ನು ಎಷ್ಟು ಹೊತ್ತು ಬೇಕಾದರೂ ಬೆಳೆಸಬಲ್ಲರು. ಹಂತಕಿಯ ಒಳತೋಟಿಯನ್ನು ಅರಿಯಲು ನಾವು ಇಂಗ್ಲಿಷ್ ಕಾದಂಬರಿಯ ವರೆಗೆ ಕಾಯಬೇಕಾಗಿರಲಿಲ್ಲ ಎಂದಾಯಿತು. ಆದರೆ ಪೂತನಿಯ ಒಳತೋಟಿ ಕೃಷ್ಣನ ಬಾಯಿಯಲ್ಲಿ ಮುಗಿಯುತ್ತದೆ. ಅಪ್ಪಣೆ ಪಾಲಿಸಿದವಳಿಗೆ ಸಾವು, ಸಾವಿನಲ್ಲಿ ಮೋಕ್ಷ. ಅಪ್ಪಣೆಯನ್ನು ಪಾಲಿಸದೆ ಉಳಿದಿದ್ದರೆ ಅವಳೇನಾಗುತ್ತಿದ್ದಳು, ಗೋಕುಲದಿಂದ ಬರಿಗೈಯಲ್ಲಿ ಮಥುರೆಗೆ ಹೇಗೆ ಮರಳುತ್ತಿದ್ದಳು? ಆ ಪ್ರಶ್ನೆಯನ್ನು ಕಥೆ ಕೇಳುವಂತಿಲ್ಲ. ಮಾಸ್ ಅವರ ಕಾದಂಬರಿ ಶುರುವಾಗುವುದು ಸರಿಯಾಗಿ ಆ ಪ್ರಶ್ನೆಯಿಂದ.

ಕಾದಂಬರಿಯ ಆರಂಭದಲ್ಲಿ ಸೆಲೇನಾ ಒಬ್ಬ ಶ್ರೀಮಂತನನ್ನು ಮುಗಿಸಿ ಅವನ ರುಂಡವನ್ನು ಅರಸನೆದುರು ತಂದಿಡುತ್ತಾಳೆ. ಅರಸ ಮೆಚ್ಚುತ್ತಾನೆ, ಆಸ್ಥಾನ ಬೆದರುತ್ತದೆ. ಸ್ವಲ್ಪದರಲ್ಲೇ ನಮಗೆ ನಿಜ ಗೊತ್ತಾಗುತ್ತದೆ: ಆ ರುಂಡ ಬೇರೆ ಯಾವುದೋ ಹೆಣದ್ದು. ಕೊಲ್ಲಬೇಕಾದವರನ್ನು ಅವಳು ಊರು ಬಿಡಿಸಿ ಕಳಿಸುತ್ತಿದ್ದಾಳೆ, ಸತ್ತವರ ಅಂಗಗಳನ್ನು ಸಾಕ್ಷಿಯಾಗಿ ಒಪ್ಪಿಸುತ್ತಿದ್ದಾಳೆ. ಅರಸ ಮುಂದೆ ಹೇಳುವ ಹೆಸರು ಆರ್ಚರ್ ಫಿನ್. ಅವಳಿಗೆ ಹಿಂದಿನಿಂದ ಪರಿಚಿತನಾದ ಚೆಲುವ, ಅರಸನ ವಿರುದ್ಧದ ಗುಪ್ತ ಕೂಟದವನೆಂಬ ಶಂಕೆ. ಅವನನ್ನೂ ಅವಳು ಕೊಲ್ಲುವುದಿಲ್ಲ, ಸುದ್ದಿ ಕೊಟ್ಟರೆ ಜೀವ ಉಳಿಸುವುದಾಗಿ ಹೇಳುತ್ತಾಳೆ.

ಇಲ್ಲಿ ಸಾಮಾನ್ಯ ಲೇಖಕಿಯೊಬ್ಬಳು ನಿಂತುಬಿಡುತ್ತಿದ್ದಳು. ಹಂತಕಿಯ ಮೈಯಲ್ಲಿ ಹೃದಯವಿದೆ ಎಂದು ತೋರಿಸಿ, ಓದುಗರ ಪ್ರೀತಿ ಗಳಿಸಿ ಮುಂದೆ ಹೋಗಬಹುದಿತ್ತು. ಕೈಗೆ ರಕ್ತ ಹತ್ತದ ಹಂತಕಿ ಎಷ್ಟು ಅನುಕೂಲದವಳು! ಮಾಸ್ ಆ ಅನುಕೂಲವನ್ನು ಪ್ರಶ್ನಿಸುತ್ತಾರೆ, ಪ್ರಶ್ನಿಸುವ ಕೆಲಸವನ್ನು ನೆಹೀಮಿಯಾಳಿಗೆ ಒಪ್ಪಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಕಾದಂಬರಿಯ ಗಟ್ಟಿ ಪಾತ್ರ ಅವಳೇ.

ನೆಹೀಮಿಯಾಳ ವಿಷಯದಲ್ಲಿ ಎರಡು ಭಾಷೆಗಳ ಈ ಸಂಚಿಕೆಯ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. ಮೊದಲ ಸಂಪುಟದಲ್ಲಿ ಅವಳು ಆಡರ್ಲನ್ನಿನ ಅರಮನೆಗೆ ಬಂದಾಗ ಅಲ್ಲಿಯ ಭಾಷೆ ತನಗೆ ಬಾರದೆಂದು ನಟಿಸುತ್ತಾಳೆ. ಎಲ್ವೇ ಭಾಷೆ ಬಲ್ಲ ಸೆಲೇನಾ ಅವಳಿಗೆ ಮಾತು ಕಲಿಸುತ್ತಾಳೆ, ಇಬ್ಬರ ಗೆಳೆತನ ಆ ಪಾಠದಲ್ಲೇ ಬೆಳೆಯುತ್ತದೆ. ಕೊನೆಗೆ ನೋಡಿದರೆ ನೆಹೀಮಿಯಾ ಆ ಭಾಷೆಯನ್ನು ಚೆನ್ನಾಗಿಯೇ ಬಲ್ಲವಳು. ಆಳುವವರ ಮಾತು ಗೊತ್ತಿದ್ದೂ ಗೊತ್ತಿಲ್ಲದವಳಂತೆ ಕೂತರೆ ಎಷ್ಟೆಲ್ಲ ಕೇಳಿಸುತ್ತದೆ ಎಂಬುದನ್ನು ಸೋತ ನಾಡಿನವಳು ಅರಿತಿದ್ದಾಳೆ. ಅವಳು ಗೆಳತಿಗೆ ತನ್ನ ಭಾಷೆಯಲ್ಲಿ ಎಲೆಂಟಿಯಾ ಎಂಬ ಹೆಸರನ್ನೂ ಇಟ್ಟಿದ್ದಾಳೆ, ಯಾರಿಂದಲೂ ಮುರಿಯಲಾಗದ ಚೇತನವೆಂಬ ಅರ್ಥದಲ್ಲಿ. ಹಂತಕರು ಕೊಟ್ಟ ಕೀರ್ತಿ, ಅರಸ ಕೊಟ್ಟ ಪದವಿ, ಇವೆರಡರ ಪಕ್ಕದಲ್ಲಿ ಗೆಳತಿ ಕೊಟ್ಟ ಈ ಹೆಸರು ಮಾತ್ರ ಯಾವ ಕೆಲಸಕ್ಕೂ ಪ್ರತಿಫಲವಾಗಿ ಬಂದುದಲ್ಲ.

ಎರಡನೆಯ ಸಂಪುಟದಲ್ಲಿ ಅದೇ ಗೆಳತಿ ಅವಳನ್ನು ಹೇಡಿ ಎನ್ನುತ್ತಾಳೆ. ತನ್ನ ಜನ ಶ್ರಮಶಿಬಿರಗಳಲ್ಲಿ ಸಾಯುತ್ತಿರುವಾಗ, ಅದೇ ಗಣಿಯ ಉಪ್ಪು ತಿಂದು ಬಂದವಳು ತನ್ನೊಬ್ಬಳ ಬಿಡುಗಡೆಯ ದಿನ ಎಣಿಸುತ್ತ ಕೂತಿರುವುದು ಅವಳಿಗೆ ಸಹಿಸದು. ಈ ಜಗಳ ಕಾದಂಬರಿಯ ನಡುಗಂಬ. ಸೆಲೇನಾ ತಾನು ಯಾರನ್ನೂ ಕೊಲ್ಲದೆ ಪಾಪದಿಂದ ಪಾರಾಗಿದ್ದೇನೆಂದು ನಂಬಿದವಳು. ಕೊಲ್ಲದಿರುವುದು ಒಂದು, ಕೊಲ್ಲಿಸುವವನ ನೆರಳಿನಲ್ಲಿ ಉಂಡು ಮಲಗುವುದು ಇನ್ನೊಂದು ಎಂಬುದು ನೆಹೀಮಿಯಾಳ ವಾದ. ಅರಸನಿಗೆ ಸುಳ್ಳು ಹೇಳಿ ಕೆಲವರನ್ನು ಉಳಿಸಿದ್ದು ಸಣ್ಣ ಸಾಹಸವಲ್ಲ. ಆದರೂ ಹೊರಗಿನಿಂದ ನೋಡುವವರಿಗೆ ಅವಳು ಅರಸನ ಭಯವನ್ನು ಊರೂರಿಗೆ ಹೊತ್ತೊಯ್ಯುವ ಕೈಯೇ. ಸುಳ್ಳು ರುಂಡದಿಂದ ಹುಟ್ಟಿದ ಭಯ ಸುಳ್ಳಲ್ಲ. ಈ ಸೂಕ್ಷ್ಮವನ್ನು ಹದಿನೈದರ ಓದುಗರಿಗೆ ತಿಳಿಯುವಂತೆ, ಉಪದೇಶದ ವಾಸನೆಯಿಲ್ಲದೆ, ಇಬ್ಬರು ಗೆಳತಿಯರ ಜಗಳವಾಗಿ ತಂದಿರುವುದು ಲೇಖಕಿಯ ಹೆಚ್ಚುಗಾರಿಕೆ.

ಆ ಜಗಳ ಸರಿಹೋಗುವ ಮೊದಲೇ ನೆಹೀಮಿಯಾ ತನ್ನ ಕೋಣೆಯಲ್ಲಿ ಕೊಲೆಯಾಗುತ್ತಾಳೆ. ಅವಳ ಜೀವಕ್ಕೆ ಅಪಾಯವಿದೆ ಎಂಬ ಸುದ್ದಿ ಕೇಓಲನಿಗೆ ಮೊದಲೇ ಬಂದಿತ್ತು. ಅರಸನ ಮಾತಿಗೆ ಕಟ್ಟುಬಿದ್ದು ಅವನು ಅದನ್ನು ಸೆಲೇನಾಳಿಗೆ ಹೇಳಲಿಲ್ಲ. ಅಷ್ಟರಲ್ಲಿ ಅವರಿಬ್ಬರೂ ಪ್ರೇಮಿಗಳಾಗಿದ್ದರು. ಒಳ್ಳೆಯವನೊಬ್ಬನು ನಿಯಮ ಪಾಲಿಸಿ ಮೌನವಾಗಿದ್ದರಿಂದ ಆದ ಕೇಡು ಇದು. ಕೇಓಲನ ಕೈಗೆ ರಕ್ತ ಹತ್ತಿಲ್ಲ, ಆದರೆ ಅಪ್ಪಣೆ ಹೊತ್ತ ಕೈ ಅವನದೂ ಹೌದು. ಹಂತಕಿಯನ್ನೂ ಪ್ರಾಮಾಣಿಕ ಅಧಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಈ ಭಾಗ ನನಗೆ ಬಹಳ ಹಿಡಿಸಿತು. ಸೆಲೇನಾ ಅವನ ಮೇಲೆ ಎರಗುತ್ತಾಳೆ. ಡೋರಿಯನ್ನನಲ್ಲಿ ಗುಪ್ತವಾಗಿದ್ದ ಮಾಂತ್ರಿಕ ಶಕ್ತಿ ತಡೆಯದಿದ್ದರೆ ಕೊಂದೇ ಬಿಡುತ್ತಿದ್ದಳು.

ಆಮೇಲೆ ಬರುವುದು ಎರಡನೆಯ ರುಂಡ. ನೆಹೀಮಿಯಾಳನ್ನು ಕೊಂದ ಗ್ರೇವ್ ಎಂಬವನನ್ನು ಸೆಲೇನಾ ಹುಡುಕಿ, ಚಿತ್ರಹಿಂಸೆ ಕೊಟ್ಟು ಕೊಂದು, ಅವನ ತಲೆಯನ್ನು ಅರಸನ ಮಂತ್ರಾಲೋಚನೆಯ ಸಭೆಗೆ ತಂದು ಹಾಕುತ್ತಾಳೆ. ಮೊದಲ ರುಂಡಕ್ಕೆ ಅಪ್ಪಣೆಯಿತ್ತು, ಅದು ಸುಳ್ಳು. ಈ ರುಂಡಕ್ಕೆ ಯಾರ ಅಪ್ಪಣೆಯೂ ಇಲ್ಲ, ಇದು ನಿಜ. ಕೊನೆಗೆ ಗ್ರೇವನನ್ನು ಕಳಿಸಿದವನು ಆರ್ಚರನೇ ಎಂದು ಬಯಲಾಗುತ್ತದೆ. ಅರಸನ ವಿರುದ್ಧದ ಬಂಡಾಯದ ಹೆಸರಿನಲ್ಲೇ ಅವನು ಅದನ್ನು ಮಾಡಿಸಿದ್ದ. ಸೆಲೇನಾ ಅವನನ್ನೂ ಕೊಲ್ಲುತ್ತಾಳೆ. ಅರಸ ಕೊಲ್ಲೆಂದಾಗ ಯಾರನ್ನು ಉಳಿಸಿದಳೋ ಅವನನ್ನೇ ಯಾರೂ ಹೇಳದೆ ಕೊಂದಳು. ಅರಸನ ಬಯಕೆಯೂ ಅವಳ ಸೇಡೂ ಒಂದೇ ಹೆಣದ ಬಳಿ ಬಂದು ಸೇರಿದವು.

ಕಾದಂಬರಿಯ ತಿರುಳು ಇಲ್ಲಿದೆ ಎಂದು ನನಗೆ ತೋರುತ್ತದೆ. ಅಪ್ಪಣೆಯನ್ನು ಮುರಿದೊಡನೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂಬುದು ಸುಲಭದ ನಂಬಿಕೆ. ಅಪ್ಪಣೆಯ ಕಟ್ಟು ಕಳಚಿದ ಮೇಲೆ ಕೈ ಏನು ಮಾಡುತ್ತದೆ ಎಂಬುದು ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಸೆಲೇನಾ ಸೋಲುತ್ತಾಳೆ. ಅವಳ ದುಃಖ ದೊಡ್ಡದು, ಗ್ರೇವ್ ನೀಚ, ಇವೆಲ್ಲ ಸರಿಯೇ. ಆದರೂ ಅವಳೊಳಗಿನ ಕೊಲ್ಲುವ ಕೈ ಅರಸ ಕೊಟ್ಟುದಲ್ಲ, ಅವನು ಅದನ್ನು ಬಾಡಿಗೆಗೆ ತೆಗೆದುಕೊಂಡಿದ್ದನಷ್ಟೆ. ಪೂತನಿ ಕಂಸನನ್ನು ನೆನೆದು ಕೂಸಿನ ಬಳಿಗೆ ತಿರುಗಿದಳು. ಸೆಲೇನಾಳಿಗೆ ನೆನೆಯಲು ಕಂಸನೂ ಬೇಕಾಗಲಿಲ್ಲ.

ಆದರೆ ಲೇಖಕಿಗೆ ಈ ಸೋಲನ್ನು ಸೋಲೆಂದು ನೋಡುವ ಧೈರ್ಯ ಸಾಲದು. ಕಾದಂಬರಿಯ ಕುಂದುಗಳು ಇಲ್ಲಿಂದ ಶುರುವಾಗುತ್ತವೆ. ಗ್ರೇವನ ಕೊಲೆಯನ್ನು ಅವರು ಬರೆದಿರುವ ಧಾಟಿಯಲ್ಲಿ ಭಯಕ್ಕಿಂತ ಮೆಚ್ಚುಗೆ ಹೆಚ್ಚು. ಸಭೆಯಲ್ಲಿ ತಲೆ ಉರುಳಿದಾಗ ಚಪ್ಪಾಳೆ ತಟ್ಟಲಿ ಎಂಬ ಆಸೆ ಬರವಣಿಗೆಯಲ್ಲಿ ಅಡಗಿದೆ. ನಾಯಕಿಯ ಚೆಲುವು, ಉಡುಪು, ಆಯುಧಗಳ ಹೊಳಪು, ಇವುಗಳ ವರ್ಣನೆ ಅತಿಯಾಯಿತು. ಕೇಓಲನೋ ಡೋರಿಯನ್ನನೋ ಎಂಬ ಪ್ರೇಮದ ಎಳೆದಾಟವೂ ಬೇಕಾದುದಕ್ಕಿಂತ ಉದ್ದ. ಗೋರಿಯಲ್ಲಿ ಮಾತಾಡುವ ತಲೆಬುರುಡೆಯ ಬಾಗಿಲ ಬಡಿಗ, ಒಗಟು, ಮಾಂತ್ರಿಕ ಕೀಲಿಗಳ ಹುಡುಕಾಟ, ಇವೆಲ್ಲ ಮುಂದಿನ ಸಂಪುಟಗಳಿಗೆ ಹಾಕಿದ ಬೀಜಗಳು. ಈ ಪುಸ್ತಕವೊಂದನ್ನೇ ಓದುವವರಿಗೆ ಅವು ಹೊರೆ.

ಇವು ಸಣ್ಣ ಕುಂದುಗಳು. ದೊಡ್ಡವು ಎರಡಿವೆ. ಒಂದು, ನೆಹೀಮಿಯಾಳ ಸಾವು. ಸೋತ ನಾಡಿನ, ಕಪ್ಪು ಮೈಬಣ್ಣದ ಈ ರಾಜಕುಮಾರಿಯನ್ನು ಬಿಳಿಯ ನಾಯಕಿಗೆ ಎಚ್ಚರ ತರಿಸಲಿಕ್ಕಾಗಿಯೇ ಕೊಲ್ಲಿಸಲಾಗಿದೆ ಎಂದು ಆಕ್ಷೇಪಿಸಿದ ಓದುಗರು ಅಲ್ಲಿಯೇ ಇದ್ದಾರೆ. ಒಪ್ಪತಕ್ಕ ಆಕ್ಷೇಪವಿದು. ತನ್ನ ಜನರಿಗಾಗಿ ಹೋರಾಡಬೇಕೆಂದು ಹೇಳಿದವಳು ಸತ್ತಳು, ಕಿವಿಗೊಡದವಳು ಗೋರಿಯ ಮುಂದೆ ನಿಂತು ಎಲ್ವೇಯನ್ನು ಬಿಡಿಸುತ್ತೇನೆಂದು ಶಪಥ ಮಾಡಿದಳು. ಶಪಥ ದೊಡ್ಡದೇ. ಆದರೆ ಎಲ್ವೇಯ ಬಿಡುಗಡೆಯನ್ನು ಎಲ್ವೇಯವಳೇ ನಡೆಸಬಾರದಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಗಡಿಯಲ್ಲಿ ಕೂತು ನಮ್ಮ ಪರವಾಗಿ ಬೇರೆಯವರು ಮಾತನಾಡುವುದನ್ನು ಕೇಳಿ ಬೆಳೆದ ನಮಗೆ ಈ ಪ್ರಶ್ನೆಯ ಮೊನೆ ಬೇಗ ತಾಗುತ್ತದೆ.

ಎರಡನೆಯದು ಕೊನೆಯಲ್ಲಿ ಬರುವ ಗುಟ್ಟು. ಸೆಲೇನಾಳನ್ನು ಆಸ್ಥಾನದಿಂದ ದೂರ ಮಾಡಿ ಉಳಿಸಲು ಕೇಓಲನು ಉಪಾಯ ಹೂಡಿ ಅವಳನ್ನು ವೆಂಡ್ಲಿನ್ ಎಂಬ ದೂರದ ನಾಡಿಗೆ ಕಳಿಸುವಂತೆ ಮಾಡುತ್ತಾನೆ. ಹಡಗು ಹತ್ತುವ ಮೊದಲು ಅವಳು ಕೊಟ್ಟ ಸುಳಿವಿನಿಂದ ಅವನಿಗೆ ಹೊಳೆಯುತ್ತದೆ: ಇವಳು ಅರಸನು ನಾಶಮಾಡಿದ ಟೆರಾಸೆನ್ ರಾಜ್ಯದ, ಸತ್ತಳೆಂದು ಎಲ್ಲರೂ ನಂಬಿದ್ದ ಉತ್ತರಾಧಿಕಾರಿಣಿ ಏಲಿನ್. ಕಥೆಗೆ ಇದು ದೊಡ್ಡ ತಿರುವು, ಓದುಗರನ್ನು ಮೂರನೆಯ ಸಂಪುಟಕ್ಕೆ ಎಳೆದೊಯ್ಯುವ ಹಗ್ಗ. ವಿಚಾರದ ದೃಷ್ಟಿಯಿಂದ ಇದೊಂದು ಹಿಂಜರಿಕೆ. ಗಣಿಯಿಂದ ಬಂದ ಗುಲಾಮಳೊಬ್ಬಳು ತಾನು ಯಾರ ಪರವೆಂದು ನಿರ್ಧರಿಸಬೇಕಾದ ಹೊತ್ತಿನಲ್ಲಿ ಅವಳ ವಂಶ ಆ ನಿರ್ಧಾರವನ್ನು ಮೊದಲೇ ಮಾಡಿಟ್ಟಿದೆ ಎಂದು ಗೊತ್ತಾದರೆ ಒಳತೋಟಿಗೆ ಬೆಲೆಯೇನು? ಹಂತಕಿ ಕೊಂದರೆ ಪಾತಕ, ರಾಣಿ ಕೊಂದರೆ ಯುದ್ಧ. ಅವಳ ಕೈಯ ರಕ್ತವನ್ನು ಕಿರೀಟವೇ ತೊಳೆಯುವಂತಾಯಿತು. ಕರ್ಣನ ಕುಲ ಬಯಲಾದಾಗ ಅವನ ಸಂಕಟ ಇಮ್ಮಡಿಯಾಗುತ್ತದೆ, ಬಿಡುಗಡೆಯ ದಾರಿ ಮುಚ್ಚುತ್ತದೆ. ಇಲ್ಲಿ ಕುಲವೇ ಬಿಡುಗಡೆಯ ದಾರಿಯಾಗಿ ತೆರೆಯುತ್ತದೆ.

ಬೇರೆ ದಾರಿ ಇರಲಿಲ್ಲವೆನ್ನಲಾಗದು. ಅದೇ 2013ರಲ್ಲಿ ಇನ್ನೊಬ್ಬ ಅಮೆರಿಕನ್ ಲೇಖಕಿ ರಾಬಿನ್ ಲಾಫೀವರ್ಸ್ ಅವರ 'ಡಾರ್ಕ್ ಟ್ರಯಂಫ್' ಬಂತು. ಅದೂ ಎರಡನೆಯ ಸಂಪುಟ, ಅಲ್ಲಿಯೂ ನಾಯಕಿ ಹಂತಕಿ. ಹದಿನೈದನೆಯ ಶತಮಾನದ ಬ್ರಿಟನಿಯ ಕಥೆ ಅದು. ಮೃತ್ಯುದೇವತೆಯ ಮಠದಲ್ಲಿ ಕೊಲ್ಲುವುದನ್ನು ಕಲಿತ ಸಿಬೆಲಾಳನ್ನು ಮಠದ ಹಿರಿಯಳು, ಅವಳು ಹೆದರಿ ಓಡಿಬಂದಿದ್ದ ಮನೆಗೇ ಮರಳಿ ಕಳಿಸುತ್ತಾಳೆ. ದೇವತೆಯ ಗುರುತು ಮೈಮೇಲೆ ಮೂಡಿದವರನ್ನು ಮಾತ್ರ ಕೊಲ್ಲಬೇಕೆಂದು ನಿಯಮ. ಕ್ರೂರನಾದ ಮನೆಯ ಯಜಮಾನನ ಮೇಲೆ ಆ ಗುರುತು ಮೂಡುವುದನ್ನು ಕಾಯುತ್ತ ಅವಳು ದಿನ ದೂಡುತ್ತಾಳೆ. ಭಾಷೆಯ ಹೊಳಪಿನಲ್ಲಿ, ಕಥೆಯ ಹರಹಿನಲ್ಲಿ ಇದು ಮಾಸ್ ಅವರ ಪುಸ್ತಕಕ್ಕಿಂತ ಚಿಕ್ಕದು. ಆದರೆ ಗುರುತು ಯಾರು ಇಟ್ಟದ್ದು, ಅದನ್ನು ಓದಿ ಹೇಳುವವರ ಲಾಭವೇನು ಎಂದು ಕೇಳುತ್ತ ಸಿಬೆಲಾ ಅಪ್ಪಣೆಯ ಬೇರಿನ ವರೆಗೂ ಅಗೆಯುತ್ತಾಳೆ. ಆ ಅಗೆತವನ್ನು ಮಾಸ್ ಅರ್ಧಕ್ಕೆ ನಿಲ್ಲಿಸಿ ಸಿಂಹಾಸನದ ಕಡೆ ನಡೆದರು.

ಇಷ್ಟು ಹೇಳಿಯೂ 'ಕ್ರೌನ್ ಆಫ್ ಮಿಡ್‌ನೈಟ್' ಓದಬೇಕಾದ ಪುಸ್ತಕವೆಂದೇ ನನ್ನ ಅಭಿಪ್ರಾಯ. ಎರಡನೆಯ ಸಂಪುಟಗಳು ಸಾಮಾನ್ಯವಾಗಿ ಮೊದಲನೆಯದರ ಪಡಿಯಚ್ಚುಗಳಾಗುತ್ತವೆ, ಇಲ್ಲವೆ ಮೂರನೆಯದಕ್ಕೆ ಸೇತುವೆಗಳಾಗುತ್ತವೆ. ಇಲ್ಲಿ ಮೊದಲ ಸಂಪುಟ ಕಟ್ಟಿದ ಗೆಳೆತನ, ಪ್ರೇಮ, ಬಿಡುಗಡೆಯ ಕನಸು, ಮೂರನ್ನೂ ಲೇಖಕಿ ತಮ್ಮ ಕೈಯಾರೆ ಒಡೆದಿದ್ದಾರೆ. ವಿಷಕನ್ಯೆಗೆ ಇಲ್ಲದ ಹೆಸರನ್ನೂ ಪೂತನಿಗೆ ಸಿಗದ ಆಯುಷ್ಯವನ್ನೂ ಒಬ್ಬ ಹಂತಕಿಗೆ ಕೊಟ್ಟು, ಬದುಕಿ ಉಳಿದವಳು ಲೆಕ್ಕ ಒಪ್ಪಿಸಲಿ ಎಂದಿದ್ದಾರೆ. ಲೆಕ್ಕ ಪೂರ್ತಿಯಾಗಲಿಲ್ಲ, ಅದು ಬೇರೆ ಮಾತು.

ಈ ಪುಸ್ತಕವನ್ನು ಓದುತ್ತಿರುವ ಹುಡುಗಿಯರ ಕೈಯಿಂದ ಅದನ್ನು ಕಸಿಯುವ ಬದಲು ಹಿರಿಯರು ಒಮ್ಮೆ ತಾವೂ ಓದಿ, ನೆಹೀಮಿಯಾ ಗೆಳತಿಯನ್ನು ಹೇಡಿ ಎಂದುದು ಸರಿಯೋ ತಪ್ಪೋ ಎಂದು ಅವರೊಡನೆ ಮಾತಿಗೆ ಕೂರಲಿ. ಗಂಟೆಗಟ್ಟಲೆ ಅರ್ಥ ಹೇಳಿ ವಾದ ಮಾಡುವುದು ನಮ್ಮ ತಾಳಮದ್ದಳೆಯ ನಾಡಿಗೆ ಹೊಸತಲ್ಲ. ಸೆಲೇನಾಳ ಅರ್ಥವನ್ನು ಆ ಹುಡುಗಿಯರು ಹೇಳಲಿ. ನೆಹೀಮಿಯಾಳ ಪಕ್ಷ ಹಿಡಿದು ಎದುರು ಕೂರಲು ನಾನು ಸಿದ್ಧ.